ಒಂದೇ ಹೊಲ, ಹಲವು ನಕ್ಷೆ: ಡಿಸೈನ್ ಕೆಲಸದವರು ಒಟ್ಟಾಗಿ ದುಡಿಯುವ ಬಗೆ

ವಳ್ಳೂರು, ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು. ಪಾವಗಡ ತಾಲ್ಲೂಕಿನ ಈ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಇವತ್ತು 2,050 ಮೆಗಾವ್ಯಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಹರಡಿಕೊಂಡಿದೆ. ಮಳೆ ನಂಬಿ ಶೇಂಗಾ ಬಿತ್ತುತ್ತಿದ್ದ ಹೊಲಗಳನ್ನು ಇಲ್ಲಿನ ರೈತರು ಮಾರಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ 28 ವರ್ಷದ ಗುತ್ತಿಗೆಗೆ ಕೊಟ್ಟರು. 2015ರಲ್ಲಿ ಸ್ಥಾಪನೆಯಾದ ಕರ್ನಾಟಕ ಸೋಲಾರ್ ಪವರ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ಈ ನೆಲವನ್ನು ಸಜ್ಜುಗೊಳಿಸಿತು. 2018ರ ಮಾರ್ಚ್ 1ರಂದು ಮೊದಲ ಹಂತದ ಉದ್ಘಾಟನೆ ನಡೆದು, 2019ರ ಕೊನೆಯ ಹೊತ್ತಿಗೆ ಪಾರ್ಕ್ ಪೂರ್ಣಗೊಂಡಿತು.

ಇಂಥ ಕೆಲಸದಲ್ಲಿ ಫಲಕ ಹೊತ್ತ ಲಾರಿ ಬರುವ ಎಷ್ಟೋ ತಿಂಗಳ ಮೊದಲೇ ಹೊಲ ಕಂಪ್ಯೂಟರಿನೊಳಗೆ ಕೈಯಿಂದ ಕೈಗೆ ದಾಟುತ್ತದೆ. ಸರ್ವೇಯರ್ ಟೋಟಲ್ ಸ್ಟೇಷನ್ ಹಿಡಿದು ನೆಲದ ಏರುತಗ್ಗು ಅಳೆಯುತ್ತಾರೆ. ಸಿವಿಲ್ ಎಂಜಿನಿಯರ್ ಆ ಅಂಕಿಗಳಿಂದ ರಸ್ತೆ, ಚರಂಡಿ ಎಳೆಯುತ್ತಾರೆ. ಸ್ಟ್ರಕ್ಚರಲ್ ಎಂಜಿನಿಯರ್ ಗಾಳಿಗೆ ಫಲಕದ ಸ್ಟ್ಯಾಂಡ್ ತಡೆಯುತ್ತದೆಯೇ ಎಂದು ಲೆಕ್ಕ ಹಾಕುತ್ತಾರೆ. ಎಲೆಕ್ಟ್ರಿಕಲ್ ಎಂಜಿನಿಯರ್ ಕೇಬಲ್ಲಿನ ದಾರಿ ಗುರುತಿಸುತ್ತಾರೆ. ಇನ್ನೊಬ್ಬರು ವರ್ಷಕ್ಕೆ ಎಷ್ಟು ಯೂನಿಟ್ ಕರೆಂಟು ಬಂದೀತೆಂದು ಅಂದಾಜಿಸುತ್ತಾರೆ. ಒಬ್ಬೊಬ್ಬರದು ಒಂದೊಂದು ತಂತ್ರಾಂಶ. ಇವುಗಳ ನಡುವೆ ಕಡತ ದಾಟುವಾಗ ಒಂದು ಅಳತೆ ತಪ್ಪಿದರೆ ಕಂಬ ಪಕ್ಕದ ಸರ್ವೆ ನಂಬರಿನಲ್ಲಿ ನಿಲ್ಲುತ್ತದೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಪೇಟೆಗಳಲ್ಲೂ ಇದೇ ಕೆಲಸ ಚಿಕ್ಕ ಪ್ರಮಾಣದಲ್ಲಿ ದಿನವೂ ನಡೆಯುತ್ತಿದೆ. ಮನೆ ಪ್ಲಾನ್ ಬರೆಯುವವರಿದ್ದಾರೆ, ಹೊಲ ಅಳೆಯುವವರಿದ್ದಾರೆ, ಸಿಎನ್‌ಸಿ ಯಂತ್ರದಲ್ಲಿ ಬಾಗಿಲಿನ ಕೆತ್ತನೆ ತೆಗೆಯುವ ಬಡಗಿಗಳಿದ್ದಾರೆ. ಗ್ರಿಲ್ ಮಾಡುವ ವೆಲ್ಡರ್‌ಗಳು, ಲಗ್ನಪತ್ರಿಕೆ ಮತ್ತು ಫ್ಲೆಕ್ಸ್ ಮಾಡುವ ಡಿಟಿಪಿಯವರು, ವೈ.ಎನ್. ಹೊಸಕೋಟೆಯಂಥ ನೇಕಾರಿಕೆಯ ಊರುಗಳಿಗೆ ಸೀರೆಯಂಚಿನ ಡಿಸೈನ್ ಹಾಕಿಕೊಡುವವರು, ಎಲ್ಲರೂ ಕಂಪ್ಯೂಟರ್ ಮುಂದೆಯೇ ಕೂರುವವರು. ಆದರೆ ಒಬ್ಬರ ಕಡತ ಇನ್ನೊಬ್ಬರಲ್ಲಿ ತೆರೆಯುವುದಿಲ್ಲ, ಒಬ್ಬರು ಕಂಡುಕೊಂಡ ಉಪಾಯ ಇನ್ನೊಬ್ಬರಿಗೆ ಗೊತ್ತಾಗುವುದಿಲ್ಲ. ಎಲ್ಲರೂ ಒಂದೇ ತಂತ್ರಾಂಶ ಕೊಳ್ಳಬೇಕಾಗಿಲ್ಲ. ಕೆಲವು ಕಟ್ಟುಪಾಡುಗಳಿಗೆ ಒಪ್ಪಿಕೊಂಡು, ಆಗಾಗ ಒಟ್ಟಿಗೆ ಕೂತರೆ ಈ ತೊಡಕಿನ ಬಹುಪಾಲು ಬಗೆಹರಿಯುತ್ತದೆ. ಆ ಕಟ್ಟುಪಾಡುಗಳು ಯಾವುವು, ಹೇಗೆ ಶುರುಮಾಡಬಹುದು ಎಂಬುದು ಇಲ್ಲಿದೆ.

1. ಮೊದಲು ಅಳತೆ ಒಪ್ಪಿಕೊಳ್ಳಿ

ನಮ್ಮ ಸೀಮೆಯಲ್ಲಿ ಮೂರು ಅಳತೆಗಳು ಒಟ್ಟಿಗೆ ಬಳಕೆಯಲ್ಲಿವೆ. ಹಳೆಯ ಸರ್ವೆ ಟಿಪ್ಪಣಿ ಇರುವುದು ಸರಪಳಿ, ಆಣೆಗಳಲ್ಲಿ. ಮನೆ ಕಟ್ಟುವ ಮೇಸ್ತ್ರಿ ಮಾತಾಡುವುದು ಅಡಿ, ಇಂಚಿನಲ್ಲಿ. ಎಂಜಿನಿಯರಿಂಗ್ ನಕ್ಷೆ ಬರುವುದು ಮೀಟರ್ ಅಥವಾ ಮಿಲಿಮೀಟರಿನಲ್ಲಿ.

ಲೆಕ್ಕ ನೆನಪಿರಲಿ. ಭೂಮಾಪನದ ಸರಪಳಿ 33 ಅಡಿ, ಅಂದರೆ 10.058 ಮೀಟರ್. ಅದರಲ್ಲಿ 16 ಆಣೆ. ಒಂದು ಆಣೆಗೆ ಸುಮಾರು 0.629 ಮೀಟರ್. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕವೇ ಒಂದು ಗುಂಟೆ, 1,089 ಚದರಡಿ. 40 ಗುಂಟೆಗೆ ಒಂದು ಎಕರೆ, 43,560 ಚದರಡಿ ಅಥವಾ ಸುಮಾರು 4,047 ಚದರ ಮೀಟರ್.

ಕ್ಯಾಡ್ ತಂತ್ರಾಂಶಕ್ಕೆ ಗೊತ್ತಿರುವುದು ಬರೀ ಅಂಕಿ. 30 ಎಂದು ಗೆರೆ ಎಳೆದರೆ ಅದು 30 ಅಡಿಯೋ 30 ಮೀಟರೋ ಎಂಬುದು ಕಡತದ ಯೂನಿಟ್ ಸೆಟ್ಟಿಂಗ್ ಮೇಲೆ ನಿಂತಿದೆ. ಅಡಿಯ ನಕ್ಷೆಯನ್ನು ಮೀಟರ್ ಎಂದು ಓದಿದರೆ ವಿಸ್ತೀರ್ಣ ಹತ್ತು ಪಟ್ಟಿಗೂ ಮೀರಿ ಹಿಗ್ಗುತ್ತದೆ. ಅದಕ್ಕೆ ಎರಡು ರೂಢಿ ಮಾಡಿಕೊಳ್ಳಿ. ನಕ್ಷೆಯ ಮೂಲೆಯಲ್ಲಿ ಯಾವ ಅಳತೆಯೆಂದು ದೊಡ್ಡ ಅಕ್ಷರದಲ್ಲಿ ಬರೆಯಿರಿ. ಜೊತೆಗೆ ಎಲ್ಲರಿಗೂ ಗೊತ್ತಿರುವ ಒಂದು ಉದ್ದವನ್ನು, ಉದಾಹರಣೆಗೆ 10 ಮೀಟರಿನ ಒಂದು ಗೆರೆಯನ್ನು, ಪ್ರತಿ ನಕ್ಷೆಯಲ್ಲೂ ಎಳೆದಿಡಿ. ಕಡತ ಪಡೆದವರು ಬೇರೇನೂ ಮಾಡುವ ಮೊದಲು ಆ ಗೆರೆಯನ್ನು ಅಳೆದು ನೋಡಲಿ.

2. ಜಾಗ ಗುರುತಿಸುವ ಲೆಕ್ಕ ಒಂದೇ ಇರಲಿ

ಮೊಬೈಲಿನಲ್ಲಿ ಸಿಗುವ ಅಕ್ಷಾಂಶ, ರೇಖಾಂಶ ಡಿಗ್ರಿಗಳಲ್ಲಿರುತ್ತವೆ. ನಮ್ಮ ಅಕ್ಷಾಂಶದಲ್ಲಿ ಒಂದು ಡಿಗ್ರಿ ರೇಖಾಂಶವೆಂದರೆ ಸುಮಾರು 108 ಕಿಲೋಮೀಟರ್. ಗೂಗಲ್ ಅರ್ಥ್‌ನಲ್ಲಿ ಗುರುತಿಸಿದ ಹೊಲವನ್ನು ಹಾಗೆಯೇ ಕ್ಯಾಡ್‌ಗೆ ತಂದರೆ ಎರಡು ಎಕರೆ ಒಂದು ಚುಕ್ಕಿಯಾಗಿ ಕಾಣುವುದು ಇದಕ್ಕೇ. ಡಿಗ್ರಿಯನ್ನು ಮೊದಲು ಮೀಟರಿಗೆ ಬದಲಿಸಬೇಕು.

ಅದಕ್ಕೆ ಯುಟಿಎಂ ಎಂಬ ಪದ್ಧತಿಯಿದೆ. ರೇಖಾಂಶ 72ರಿಂದ 78 ಡಿಗ್ರಿವರೆಗಿನ ನೆಲ 43ನೇ ವಲಯಕ್ಕೆ ಸೇರುತ್ತದೆ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ನಾಲ್ಕೂ ಇದರೊಳಗೇ ಇವೆ. ಕ್ಯೂಜಿಐಎಸ್ ತಂತ್ರಾಂಶದಲ್ಲಿ ಇದರ ಸಂಕೇತ ಇಪಿಎಸ್‌ಜಿ 32643. ಮೊಬೈಲ್ ಜಿಪಿಎಸ್‌ನ ಡಿಗ್ರಿ ಪದ್ಧತಿಯ ಸಂಕೇತ ಇಪಿಎಸ್‌ಜಿ 4326. ಈ ಎರಡು ಅಂಕಿಗಳನ್ನು ಬರೆದು ಗೋಡೆಗೆ ಅಂಟಿಸಿಕೊಳ್ಳಿ.

ಸರಿಯಾಗಿ ಬದಲಾಗಿದೆಯೇ ಎಂದು ನೋಡಲು ಒಂದು ಸುಲಭ ಪರೀಕ್ಷೆಯಿದೆ. ವಳ್ಳೂರು ಸುತ್ತಿನ ಜಾಗವಾದರೆ ಪೂರ್ವದ ಅಂಕಿ 7.6 ಲಕ್ಷ ಮೀಟರಿನ ಆಸುಪಾಸು, ಉತ್ತರದ ಅಂಕಿ 15.7 ಲಕ್ಷದ ಆಸುಪಾಸು ಬರಬೇಕು. ಎರಡೂ ಅದಲುಬದಲಾಗಿದ್ದರೆ ಸರ್ವೇಯರ್ ಕೊಟ್ಟ ಪಟ್ಟಿಯ ಕಾಲಂಗಳು ಹಿಂದುಮುಂದಾಗಿವೆ ಎಂದರ್ಥ. ಪಟ್ಟಿಯ ಮೊದಲ ಸಾಲಿನಲ್ಲಿ ಯಾವ ಕಾಲಂ ಏನೆಂದು ಬರೆಯುವುದನ್ನು ಸರ್ವೇಯರ್‌ಗಳು ಎಂದೂ ಬಿಡಬಾರದು.

ಇನ್ನೊಂದು ಎಚ್ಚರ. ಕರ್ನಾಟಕ ದೂರಸಂವೇದಿ ಅನ್ವಯಿಕ ಕೇಂದ್ರದ ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ. ಪ್ರಾಥಮಿಕ ಅಂದಾಜಿಗೆ ಅದು ತುಂಬ ಉಪಕಾರಿ. ಆದರೆ ಬಾಂದುಕಲ್ಲು ಎಲ್ಲಿದೆಯೆಂದು ತೀರ್ಮಾನಿಸಲು ಮೊಬೈಲ್ ಸಾಲದು. ಹದ್ದುಬಸ್ತಿನ ಪ್ರಶ್ನೆ ಬಂದಾಗ ಸರ್ವೆ ಇಲಾಖೆಯ ಅಳತೆಯೇ ಪ್ರಮಾಣ.

3. ಕಡತ ದಾಟಿಸುವಾಗ

ಪ್ರತಿ ತಂತ್ರಾಂಶಕ್ಕೂ ತನ್ನದೇ ಕಡತದ ಬಗೆಯಿದೆ. ಆಟೊಕ್ಯಾಡ್‌ನ ಡಿಡಬ್ಲ್ಯುಜಿ, ಕೋರೆಲ್‌ಡ್ರಾದ ಸಿಡಿಆರ್ ಎಲ್ಲೆಡೆ ಸರಿಯಾಗಿ ತೆರೆಯುವುದಿಲ್ಲ. ಎಲ್ಲರೂ ಓದಬಲ್ಲ ಬಗೆಗಳು ಬೇರೆಯೇ ಇವೆ.

• ಎರಡು ಆಯಾಮದ ಗೆರೆನಕ್ಷೆ, ಗ್ರಿಲ್, ಸಿಎನ್‌ಸಿ ಕಟಿಂಗ್: ಡಿಎಕ್ಸ್‌ಎಫ್.
• ಮೂರು ಆಯಾಮದ ಬಿಡಿಭಾಗ, ಯಂತ್ರದ ಕೆಲಸ: ಸ್ಟೆಪ್.
• ಕಟ್ಟಡದ ಪೂರ್ತಿ ಮಾದರಿ: ಐಎಫ್‌ಸಿ.
• ಹೊಲ, ಗಡಿ, ರಸ್ತೆ: ಜಿಯೊಪ್ಯಾಕೇಜ್ ಅಥವಾ ಕೆಎಂಎಲ್.
• ಲೋಗೊ, ಬೋರ್ಡು, ಕೆತ್ತನೆಯ ಚಿತ್ತಾರ: ಎಸ್‌ವಿಜಿ.
• ಸೀರೆಯ ಗ್ರಾಫ್: ಬಿಎಂಪಿ ಅಥವಾ ಪಿಎನ್‌ಜಿ.
• ಬರೀ ನೋಡಲು, ಮುದ್ರಿಸಲು: ಪಿಡಿಎಫ್.

ಸೀರೆಯ ಗ್ರಾಫನ್ನು ಜೆಪೆಗ್ ಮಾಡಿ ಕಳಿಸಬೇಡಿ. ಜಕಾರ್ಡ್ ಗ್ರಾಫಿನಲ್ಲಿ ಒಂದೊಂದು ಚೌಕವೂ ಒಂದು ನೂಲು ಮೇಲೆ ಬರಬೇಕೋ ಕೆಳಗೆ ಹೋಗಬೇಕೋ ಎಂದು ಹೇಳುತ್ತದೆ. ಜೆಪೆಗ್ ಬಣ್ಣಗಳ ಅಂಚನ್ನು ಕಲಸಿಬಿಡುತ್ತದೆ. ಎರಡೇ ಬಣ್ಣವಿದ್ದ ಗ್ರಾಫಿನಲ್ಲಿ ನಡುವಿನ ಬಣ್ಣಗಳು ಹುಟ್ಟಿಕೊಂಡು ನೇಯ್ಗೆ ಕೆಡುತ್ತದೆ.

ಸಿಎನ್‌ಸಿಗೆ ಕಳಿಸುವ ಡಿಎಕ್ಸ್‌ಎಫ್‌ನಲ್ಲಿ ಆಕಾರಗಳ ಗೆರೆ ಪೂರ್ತಿ ಮುಚ್ಚಿರಬೇಕು. ಒಂದರ ಮೇಲೊಂದು ಗೆರೆ ಕೂತಿದ್ದರೆ ಯಂತ್ರ ಅದೇ ಜಾಗವನ್ನು ಎರಡು ಸಲ ಕೊರೆಯುತ್ತದೆ. ಆಟೊಕ್ಯಾಡ್‌ನ ಓವರ್‌ಕಿಲ್ ಆಜ್ಞೆ ಇಂಥ ಜೋಡಿಗೆರೆಗಳನ್ನು ತೆಗೆಯುತ್ತದೆ. ಪರ್ಜ್ ಆಜ್ಞೆ ಬಳಸದ ಪದರ, ಬ್ಲಾಕುಗಳನ್ನು ಗುಡಿಸುತ್ತದೆ, ಆಡಿಟ್ ಕಡತದ ದೋಷ ಸರಿಪಡಿಸುತ್ತದೆ. ಬೇರೆ ನಕ್ಷೆಯನ್ನು ಜೋಡಿಸಿಕೊಂಡಿದ್ದರೆ ಇ-ಟ್ರಾನ್ಸ್‌ಮಿಟ್ ಬಳಸಿ; ಜೋಡಿಸಿದ ಕಡತ, ಅಕ್ಷರಶೈಲಿ ಎಲ್ಲವೂ ಒಂದೇ ಗಂಟಾಗಿ ಹೋಗುತ್ತವೆ.

ಯಾವ ಕಡತ ಕಳಿಸಿದರೂ ಜೊತೆಗೆ ಒಂದು ಪಿಡಿಎಫ್ ಇರಲಿ. ಡಿಎಕ್ಸ್‌ಎಫ್ ತೆರೆದಾಗ ಏನಾದರೂ ಕಳೆದುಹೋಗಿದ್ದರೆ ಪಿಡಿಎಫ್ ನೋಡಿ ತಕ್ಷಣ ಕಂಡುಹಿಡಿಯಬಹುದು.

4. ಪದರ, ಹೆಸರು, ತಿದ್ದುಪಡಿ

ಎಲ್ಲ ಗೆರೆಗಳನ್ನೂ ಒಂದೇ ಪದರದಲ್ಲಿ ಎಳೆದ ನಕ್ಷೆಯನ್ನು ಮತ್ತೊಬ್ಬರು ಬಳಸುವುದು ಕಷ್ಟ. ಜಗತ್ತಿನ ಅನೇಕ ಕಚೇರಿಗಳಲ್ಲಿ ಪದರದ ಹೆಸರಿನ ಮೊದಲ ಅಕ್ಷರ ವಿಭಾಗವನ್ನು ಹೇಳುತ್ತದೆ: ಸರ್ವೆಗೆ ವಿ, ಸಿವಿಲ್‌ಗೆ ಸಿ, ಸ್ಟ್ರಕ್ಚರ್‌ಗೆ ಎಸ್, ಎಲೆಕ್ಟ್ರಿಕಲ್‌ಗೆ ಇ, ಆರ್ಕಿಟೆಕ್ಚರ್‌ಗೆ ಎ. ನಾವೂ ಇದನ್ನೇ ಹಿಡಿಯಬಹುದು. ಕೇಬಲ್ ಎಳೆಯುವವರಿಗೆ ಚರಂಡಿಯ ಪದರ ಬೇಡವಾದರೆ ಒಂದೇ ಒತ್ತಿಗೆ ಮರೆಮಾಡಬಹುದು.

ಕಡತದ ಹೆಸರಿನಲ್ಲಿ ಊರು, ಸರ್ವೆ ನಂಬರ್, ಹಿಸ್ಸಾ, ವಿಭಾಗ, ಎಷ್ಟನೆಯ ತಿದ್ದುಪಡಿ ಎಂಬುದಿರಲಿ. ದಿನಾಂಕವನ್ನು ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಬರೆದರೆ ಕಂಪ್ಯೂಟರ್ ತಾನೇ ಸಾಲಾಗಿ ಜೋಡಿಸುತ್ತದೆ. ಹೆಸರಿನಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆ ಬಿಟ್ಟು ಬೇರೇನೂ ಬೇಡ; ಹಳೆಯ ತಂತ್ರಾಂಶಗಳು ಬೇರೆ ಅಕ್ಷರ ಕಂಡರೆ ಕಡತವನ್ನೇ ತೆರೆಯದಿರಬಹುದು. ‘ಫೈನಲ್’, ‘ಹೊಸ ಫೈನಲ್’ ಎಂದು ಹೆಸರಿಡುವುದನ್ನು ಇಂದೇ ನಿಲ್ಲಿಸಿ. ಆರ್1, ಆರ್2 ಎಂದು ಅಂಕಿ ಕೊಡಿ. ಹಳೆಯ ಪ್ರತಿ ಅಳಿಸದೆ ಬೇರೆ ಫೋಲ್ಡರಿನಲ್ಲಿ ಇಡಿ.

ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಗಡಿನಾಡಿನಲ್ಲಿ ತೆಲುಗು ಬಲ್ಲವರ ಬರವಣಿಗೆಯೂ ಸೇರಿ ಇನ್ನಷ್ಟು ರೂಪಗಳಾಗುತ್ತವೆ. ಒಟ್ಟಿಗೆ ಕೆಲಸ ಮಾಡುವವರೆಲ್ಲ ಸೇರಿ ಸುತ್ತಲ ಊರುಗಳ ಹೆಸರಿಗೆ ಒಂದೇ ಕಾಗುಣಿತದ ಪಟ್ಟಿ ಮಾಡಿಕೊಂಡರೆ ಕಡತ ಹುಡುಕುವ ಕಷ್ಟ ತಪ್ಪುತ್ತದೆ.

5. ಕನ್ನಡ ಅಕ್ಷರ ಕೆಡದಂತೆ

ಒಂದು ಕಂಪ್ಯೂಟರಿನಲ್ಲಿ ಚೆನ್ನಾಗಿ ಕಂಡ ಕನ್ನಡ ಇನ್ನೊಂದರಲ್ಲಿ ಅರ್ಥವಿಲ್ಲದ ಗುರುತುಗಳಾಗುವುದಕ್ಕೆ ಮುಖ್ಯ ಕಾರಣ ಹಳೆಯ ಆಸ್ಕಿ ಅಕ್ಷರಶೈಲಿಗಳು. ಅವು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿಕೊಂಡಿರುತ್ತವೆ. ಆ ಶೈಲಿ ಇಲ್ಲದ ಕಡೆ ಕೆಳಗಿನ ಇಂಗ್ಲಿಷ್ ಗುರುತು ಹೊರಬೀಳುತ್ತದೆ. ಯುನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ ಜಾಗವಿದೆ. ಹೊಸ ಕೆಲಸವೆಲ್ಲ ಯುನಿಕೋಡ್‌ನಲ್ಲೇ ಆಗಲಿ. ನುಡಿ ತಂತ್ರಾಂಶದಲ್ಲೂ ಯುನಿಕೋಡ್ ಆಯ್ಕೆಯಿದೆ. ನೋಟೊ ಸಾನ್ಸ್ ಕನ್ನಡ, ಲೋಹಿತ್ ಕನ್ನಡ ಶೈಲಿಗಳು ಉಚಿತ.

ಮುದ್ರಣಕ್ಕೆ ಹೋಗುವ ಕೊನೆಯ ಪ್ರತಿಯಲ್ಲಿ ಮಾತ್ರ ಅಕ್ಷರಗಳನ್ನು ಗೆರೆಗಳಾಗಿ, ಅಂದರೆ ಕರ್ವ್ ಆಗಿ, ಬದಲಿಸಿ. ತಿದ್ದಲು ಬರುವ ಮೂಲ ಪ್ರತಿ ನಿಮ್ಮಲ್ಲೇ ಉಳಿಯಲಿ. ಕ್ಯಾಡ್ ನಕ್ಷೆಯಲ್ಲಿ ಎಸ್‌ಎಚ್‌ಎಕ್ಸ್ ಬಗೆಯ ಅಕ್ಷರಶೈಲಿ ಬಿಟ್ಟು ಟ್ರೂಟೈಪ್ ಶೈಲಿ ಆರಿಸಿ. ಒತ್ತಕ್ಷರಗಳು ಸರಿಯಾಗಿ ಕೂತಿವೆಯೇ ಎಂದು ಪಿಡಿಎಫ್ ತೆಗೆದು ಓದಿದ ಮೇಲೆಯೇ ಕಳಿಸಿ.

6. ಹಣವಿಲ್ಲದೆಯೂ ಶುರುಮಾಡಬಹುದು

ಕದ್ದ ಪ್ರತಿಯ ತಂತ್ರಾಂಶ ಹಾಕಿಕೊಂಡ ಕಂಪ್ಯೂಟರುಗಳು ನಮ್ಮ ಪೇಟೆಗಳಲ್ಲಿ ಕಡಿಮೆಯಿಲ್ಲ. ಕಾನೂನಿನ ತೊಂದರೆ ಒಂದೆಡೆ. ಜೊತೆಗೆ ಬರುವ ವೈರಸ್ ವರ್ಷಗಳ ಕೆಲಸವನ್ನು ಒಂದೇ ದಿನದಲ್ಲಿ ನುಂಗಬಹುದು. ಕದ್ದ ಪ್ರತಿಯ ಅಗತ್ಯವೂ ಈಗ ಇಲ್ಲ. ಹೊಲ, ಗಡಿಯ ಕೆಲಸಕ್ಕೆ ಕ್ಯೂಜಿಐಎಸ್, ಎರಡು ಆಯಾಮದ ನಕ್ಷೆಗೆ ಲಿಬ್ರೆಕ್ಯಾಡ್, ಮೂರು ಆಯಾಮದ ಮಾದರಿಗೆ ಫ್ರೀಕ್ಯಾಡ್, ಸರ್ಕಿಟ್‌ಗೆ ಕಿಕ್ಯಾಡ್, ಬೋರ್ಡು ಮತ್ತು ಚಿತ್ತಾರಕ್ಕೆ ಇಂಕ್‌ಸ್ಕೇಪ್, ಪುಟವಿನ್ಯಾಸಕ್ಕೆ ಸ್ಕ್ರೈಬಸ್, ಫೋಟೊಗೆ ಗಿಂಪ್, ಮನೆಯ ಒಳಾಂಗಣ ತೋರಿಸಲು ಬ್ಲೆಂಡರ್ ಇವೆ. ಇವೆಲ್ಲ ಮುಕ್ತ ತಂತ್ರಾಂಶಗಳು. ಕಲಿಯಲೂ ದುಡಿಯಲೂ ಹಣ ಕೊಡಬೇಕಿಲ್ಲ. ಫ್ರೀಕ್ಯಾಡ್ 2024ರ ನವೆಂಬರಿನಲ್ಲಿ 1.0 ಆವೃತ್ತಿಗೆ ಬಂದಿದೆ. ಸೋಲಾರ್ ಉತ್ಪಾದನೆಯ ಅಂದಾಜಿಗೆ ಅಮೆರಿಕದ ಸರ್ಕಾರಿ ಪ್ರಯೋಗಾಲಯವೊಂದು ಸಿದ್ಧಪಡಿಸಿದ ಸ್ಯಾಮ್ ತಂತ್ರಾಂಶ ಉಚಿತವಾಗಿ ಸಿಗುತ್ತದೆ.

ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಮುಕ್ತ ತಂತ್ರಾಂಶಗಳ ಪಾಠಗಳನ್ನು ಕನ್ನಡವೂ ಸೇರಿ ಭಾರತದ ಹಲವು ಭಾಷೆಗಳಲ್ಲಿ ಕೊಡುತ್ತಿದೆ. ಇಂಗ್ಲಿಷ್ ತೊಡಕಾಗಿರುವ ಐಟಿಐ ಮಕ್ಕಳಿಗೆ ಅದು ಒಳ್ಳೆಯ ಮೊದಲ ಮೆಟ್ಟಿಲು. ಆಟೊಡೆಸ್ಕ್‌ನಂಥ ಕಂಪನಿಗಳು ವಿದ್ಯಾರ್ಥಿಗಳಿಗೆ ಉಚಿತ ಪರವಾನಗಿ ಕೊಡುತ್ತವೆ. ಅದು ಕಲಿಕೆಗೆ ಮಾತ್ರ, ಸಂಪಾದನೆಯ ಕೆಲಸಕ್ಕೆ ಬಳಸುವಂತಿಲ್ಲ.

7. ಒಂದೇ ಕೆಲಸ, ಎಲ್ಲರ ಕೈ

ಕಟ್ಟುಪಾಡುಗಳನ್ನು ಓದಿ ಬಿಟ್ಟರೆ ಮೈಗೂಡುವುದಿಲ್ಲ. ಬೇರೆ ಬೇರೆ ವಿಭಾಗದವರು ಸೇರಿ ಒಂದೇ ಕೆಲಸವನ್ನು ಮೊದಲಿಂದ ಕೊನೆಯವರೆಗೆ ಮಾಡಿ ನೋಡಬೇಕು. ನಮ್ಮ ನೆಲಕ್ಕೆ ಹೊಂದುವ ಒಂದು ಅಭ್ಯಾಸ: ಬೋರ್‌ವೆಲ್ ಇರುವ ಎರಡು ಎಕರೆ ಹೊಲಕ್ಕೆ 5 ಎಚ್‌ಪಿಯ ಸೋಲಾರ್ ಪಂಪ್.

ಸರ್ವೇಯರ್ ಹೊಲದ ಮೂಲೆಗಳು, ಬೋರ್‌ವೆಲ್, ಮರಗಳು, ಕರೆಂಟಿನ ತಂತಿ ಎಲ್ಲವನ್ನೂ 32643ರಲ್ಲಿ ಗುರುತಿಸಲಿ. ಎಲೆಕ್ಟ್ರಿಕಲ್‌ನವರು ಫಲಕಗಳ ಲೆಕ್ಕ ಮಾಡಲಿ. 5 ಎಚ್‌ಪಿಗೆ ಸುಮಾರು 5 ಕಿಲೋವ್ಯಾಟ್ ಫಲಕ ಬೇಕು. 540 ವ್ಯಾಟಿನ 9 ಫಲಕಗಳಾದರೆ 4,860 ವ್ಯಾಟ್. ಇಂಥ ಫಲಕ ಸುಮಾರು 2.28 ಮೀಟರ್ ಉದ್ದ, 1.13 ಮೀಟರ್ ಅಗಲ ಇರುತ್ತದೆ. ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಸುಮಾರು 10.3 ಮೀಟರ್ ಉದ್ದದ ಜಾಗ ಸಾಕು.

ಪಾವಗಡದ ಅಕ್ಷಾಂಶ ಸುಮಾರು 14 ಡಿಗ್ರಿ. ಫಲಕವನ್ನು ದಕ್ಷಿಣಕ್ಕೆ ಮುಖಮಾಡಿ 15 ಡಿಗ್ರಿ ಓರೆ ಕೊಟ್ಟರೆ ಹಿಂದಿನ ಅಂಚು ಮುಂದಿನದಕ್ಕಿಂತ 59 ಸೆಂಟಿಮೀಟರ್ ಎತ್ತರ ಬರುತ್ತದೆ. ಡಿಸೆಂಬರ್ 21ರ ಮಧ್ಯಾಹ್ನ ನಮ್ಮಲ್ಲಿ ಸೂರ್ಯ ಸುಮಾರು 52 ಡಿಗ್ರಿ ಎತ್ತರದಲ್ಲಿರುತ್ತಾನೆ. ಒಂದು ಮೀಟರ್ ಎತ್ತರದ ವಸ್ತುವಿನ ನೆರಳು ಆಗ ಸುಮಾರು 77 ಸೆಂಟಿಮೀಟರ್ ಚಾಚುತ್ತದೆ, ಬೆಳಗ್ಗೆ ಸಂಜೆ ಇನ್ನೂ ದೂರ. ಸರ್ವೇಯರ್ ಮರದ ಜಾಗದ ಜೊತೆ ಅದರ ಎತ್ತರವನ್ನೂ ಯಾಕೆ ಬರೆದುಕೊಳ್ಳಬೇಕೆಂದು ಇಲ್ಲಿ ತಿಳಿಯುತ್ತದೆ.

ಮುಂದೆ ಸಿವಿಲ್‌ನವರು ಪಾಯದ ನಕ್ಷೆ ಬರೆಯಲಿ, ಗಾಳಿಯ ಒತ್ತಡವನ್ನು ಐಎಸ್ 875ರ ಮೂರನೇ ಭಾಗದಂತೆ ಲೆಕ್ಕ ಹಾಕಲಿ. ಓರೆಯಾದ ಫಲಕದ ಅಡಿಗೆ ನುಗ್ಗಿದ ಗಾಳಿ ಅದನ್ನು ಮೇಲೆತ್ತುತ್ತದೆ. ಪಾಯ ಭಾರ ಹೊರುವುದರ ಜೊತೆಗೆ ಹಿಡಿದೆಳೆದು ನಿಲ್ಲಿಸುವ ಕೆಲಸವನ್ನೂ ಮಾಡಬೇಕು. ಫ್ಯಾಬ್ರಿಕೇಶನ್ ಅಂಗಡಿಯವರು ಸ್ಟ್ಯಾಂಡನ್ನು ಫ್ರೀಕ್ಯಾಡ್‌ನಲ್ಲಿ ಮಾಡಿ ಪೈಪು ಕತ್ತರಿಸುವ ಪಟ್ಟಿ ತೆಗೆಯಲಿ. ಡಿಟಿಪಿಯವರು ಎಚ್ಚರಿಕೆಯ ಬೋರ್ಡನ್ನು ಕನ್ನಡದಲ್ಲಿ ಮಾಡಲಿ. 9 ಫಲಕ ಸಾಲಾಗಿ ಜೋಡಿಸಿದರೆ ಡಿಸಿ ವೋಲ್ಟೇಜ್ 400 ದಾಟುತ್ತದೆ. ಬಿಸಿಲಿರುವಷ್ಟು ಹೊತ್ತು ಅದನ್ನು ನಿಲ್ಲಿಸಲಾಗದು. ಆ ಬೋರ್ಡು ಮನೆಯವರೆಲ್ಲ ಓದುವಂತಿರಬೇಕು.

ಕೊನೆಗೆ ಎಲ್ಲ ಕಡತಗಳನ್ನೂ ಒಂದರ ಮೇಲೊಂದು ಇಟ್ಟು ನೋಡಿ. ಪಾಯ ಮತ್ತು ಸ್ಟ್ಯಾಂಡಿನ ಕಾಲು ಒಂದೇ ಬಿಂದುವಿನಲ್ಲಿ ಕೂತರೆ ಕಟ್ಟುಪಾಡು ಕೈಗೆ ಬಂದಿದೆ.

8. ಬಳಗ ಕಟ್ಟುವ ಕ್ರಮ

ಐದಾರು ಜನ ಸಾಕು, ಆದರೆ ಎಲ್ಲರೂ ಒಂದೇ ವಿಭಾಗದವರಾಗಬಾರದು. ತಿಂಗಳಿಗೊಂದು ಭಾನುವಾರ ಸೇರಿ. ಜಾಗಕ್ಕೆ ಗ್ರಾಮ ಪಂಚಾಯ್ತಿಯ ಅರಿವು ಕೇಂದ್ರವನ್ನೋ ಕಾಲೇಜಿನ ಕಂಪ್ಯೂಟರ್ ಕೊಠಡಿಯನ್ನೋ ಕೇಳಬಹುದು. ಪ್ರತಿ ಸಲ ಒಬ್ಬರು ತಮ್ಮ ಸಿಕ್ಕಿಬಿದ್ದ ಕೆಲಸವನ್ನು ತರಲಿ, ಉಳಿದವರು ಸೇರಿ ಬಿಡಿಸಲಿ. ಬಿಡಿಸಿದ ಬಗೆಯನ್ನು ಕನ್ನಡದಲ್ಲಿ ಅರ್ಧ ಪುಟ ಬರೆದಿಡಿ. ವರ್ಷಕ್ಕೆ ಅದೇ ಒಂದು ಕೈಪಿಡಿಯಾಗುತ್ತದೆ.

ಗ್ರಾಹಕರ ನಕ್ಷೆ ತರುವ ಮೊದಲು ಅವರ ಒಪ್ಪಿಗೆ ಪಡೆಯಿರಿ; ಮಾಲೀಕರ ಹೆಸರು, ಫೋನ್ ನಂಬರ್ ಅಳಿಸಿ. ಸೀರೆಯ ಡಿಸೈನ್ ನೇಕಾರರ ಬದುಕು, ಅದನ್ನು ಕೇಳದೆ ನಕಲು ಮಾಡುವುದು ಸಲ್ಲದು. ಹಿರಿಯ ಸರ್ವೇಯರ್, ಮೇಸ್ತ್ರಿ, ನೇಕಾರರನ್ನು ಕರೆಯಿರಿ. ಅವರಿಗೆ ಮೌಸ್ ಹಿಡಿಯಲು ಬರದಿದ್ದರೂ ನಕ್ಷೆಯ ಯಾವ ಗೆರೆ ನೆಲದ ಮೇಲೆ ನಿಲ್ಲುವುದಿಲ್ಲ ಎಂದು ಅವರೇ ಮೊದಲು ಹೇಳುತ್ತಾರೆ.

ತುಮಕೂರು–ರಾಯದುರ್ಗ ರೈಲು ಮಾರ್ಗ ಕೊರಟಗೆರೆ, ಮಧುಗಿರಿ, ಪಾವಗಡದ ನೆಲದ ಮೇಲೆಯೇ ಹಾಯುತ್ತದೆ. ವಸಂತನರಸಾಪುರದಲ್ಲಿ ಕೈಗಾರಿಕಾ ಪ್ರದೇಶವೂ ಮಷೀನ್ ಟೂಲ್ ಪಾರ್ಕೂ ಇವೆ. ಇಂಥ ಕೆಲಸಗಳಿಗೆಲ್ಲ ನಕ್ಷೆ ಬೇಕು, ನಕ್ಷೆ ಬರೆಯುವವರು ಬೇಕು. ಆ ಕೆಲಸ ನಮ್ಮ ಹುಡುಗ ಹುಡುಗಿಯರಿಗೆ ನಮ್ಮ ಊರಿನಲ್ಲೇ ಸಿಗಬೇಕಾದರೆ ಅವರು ಕೊಟ್ಟ ಕಡತ ಬೆಂಗಳೂರಿನಲ್ಲೂ ಬೇರೆ ರಾಜ್ಯದಲ್ಲೂ ತಕರಾರಿಲ್ಲದೆ ತೆರೆಯಬೇಕು. ನೀವು ಡಿಸೈನ್ ಕೆಲಸದವರಾಗಿದ್ದರೆ ಈ ವಾರವೇ ನಿಮ್ಮ ಬೀದಿಯ ಇನ್ನೊಂದು ಕಸುಬಿನವರ ಅಂಗಡಿಗೆ ಹೋಗಿ, ನಿಮ್ಮದೊಂದು ಕಡತವನ್ನು ಅವರ ಕಂಪ್ಯೂಟರಿನಲ್ಲಿ ತೆರೆದು ಅಳತೆ ಸರಿಯಿದೆಯೇ ನೋಡಿ. ಬಳಗ ಕಟ್ಟುವ ಕೆಲಸ ಅಲ್ಲಿಂದಲೇ ಶುರುವಾಗಲಿ.